ನನ್ನ ಹೆಂಡತಿಯ ಕಡತವನ್ನು ದಯವಿಟ್ಟು ಕಳೆದುಹಾಕಿ

ರೋಮ್, ಸೋಮವಾರ, ಮಾರ್ಚ್ ೧೧, ೧೯೭೪

ಟ್ರಾಮ್ ನೌಕರರ ದೈಹಿಕ ಅರ್ಹತಾ ಕಚೇರಿಯ ಮುಖ್ಯ ವೈದ್ಯಾಧಿಕಾರಿಗಳಿಗೆ, ಮೂರನೆಯ ಮಹಡಿ

ಮಾನ್ಯರೇ,

ಸಾಯುತ್ತಿರುವ ಹೆಂಗಸೊಬ್ಬಳಿಗೆ ನೀವು ‘ಕೆಲಸಕ್ಕೆ ಅರ್ಹಳು’ ಎಂದು ಮೊಹರು ಒತ್ತಿ ಕೊಟ್ಟಿದ್ದೀರಿ. ಆಕೆ ನನ್ನ ಹೆಂಡತಿ. ಹೆಸರು ಜೆಲಿಂದಾ, ವಯಸ್ಸು ಐವತ್ತಾರು, ಇಪ್ಪತ್ತೆರಡು ವರ್ಷದಿಂದ ನಿಮ್ಮ ಡಿಪೋದಲ್ಲಿ ಟ್ರಾಮ್ ತೊಳೆಯುವವಳು. ಬರುವ ಶನಿವಾರ ಬೆಳಿಗ್ಗೆ ಆರು ಗಂಟೆಗೆ ಅವಳು ಎರಡು ಕೈಗೆ ಎರಡು ಬಕೆಟ್ ನೀರು ಹಿಡಿದು ಮೊದಲನೆಯ ಟ್ರಾಮಿನ ಮೆಟ್ಟಿಲು ಹತ್ತಲಿದ್ದಾಳೆ. ಅವಳ ಸೊಂಟದ ಮೂಳೆಯನ್ನೂ ಬೆನ್ನುಮೂಳೆಯನ್ನೂ ಕ್ಯಾನ್ಸರ್ ಒಳಗೊಳಗೇ ತಿಂದು ಹಾಕಿದೆ. ಒಂದು ಹೆಜ್ಜೆ ತಪ್ಪಿದರೆ ಸಾಕು, ಮುರಿಯುತ್ತದೆ. ಈ ಸಂಗತಿ ಗೊತ್ತಿಲ್ಲದಿರುವುದು ಅವಳಿಗೆ ಮತ್ತು ನಿಮ್ಮ ಕಡತಕ್ಕೆ ಮಾತ್ರ. ನಿಮಗೆ ಗೊತ್ತಿಲ್ಲ ಎಂದು ನಾನು ಹೇಳುವುದಿಲ್ಲ. ನಿಮಗೆ ನಾನೇ ಹೇಳಿದ್ದೇನೆ.

ನಾನು ಯಾರು ಎಂದು ನಿಮ್ಮ ಕಚೇರಿಯ ಕಿಟಕಿ ಕಿಟಕಿಗೂ ಗೊತ್ತು. ನೋಂದಣಿ ಕಚೇರಿಯ ಎದುರು ಕಮಾನಿನ ಕೆಳಗೆ ಮೇಜು ಹಾಕಿಕೊಂಡು, ಓದು ಬಾರದವರಿಗೆ, ಓದು ಬಂದರೂ ನಿಮ್ಮ ಭಾಷೆ ಬಾರದವರಿಗೆ, ಮೂವತ್ತೊಂದು ವರ್ಷದಿಂದ ಅರ್ಜಿ ಟೈಪು ಮಾಡಿಕೊಡುತ್ತಿರುವವನು. ಯಾವ ಅರ್ಜಿಗೆ ಯಾವ ಛಾಪಾ ಕಾಗದ, ಯಾವ ಕಿಟಕಿಯವರು ಕಾಫಿಗೆ ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ಗುಮಾಸ್ತರಿಗೆ ‘ಸವಿನಯ’ ಎಂಬ ಪದ ಎರಡು ಸಲ ಬಂದರೆ ಮನಸ್ಸು ಕರಗುತ್ತದೆ, ಎಲ್ಲ ಬಲ್ಲೆ. ಆದ್ದರಿಂದ ಈ ಪತ್ರ ಛಾಪಾ ಕಾಗದದ ಮೇಲೆ ಯಾಕಿಲ್ಲ ಎಂದು ಕೇಳಬೇಡಿ. ಈ ಹತ್ತು ದಿನದಲ್ಲಿ ಮೂರು ಅರ್ಜಿ ಛಾಪಾ ಕಾಗದದ ಮೇಲೆಯೇ ಕೊಟ್ಟೆ. ಮೂರೂ ‘ನೌಕರರ ಸಹಿ ಇಲ್ಲ’ ಎಂಬ ಷರಾದೊಂದಿಗೆ ವಾಪಸು ಬಂದವು. ನೀವು ವಾಪಸು ಕಳಿಸಲಾಗದ ಪತ್ರ ಎಂದರೆ ಬಹಿರಂಗ ಪತ್ರವೊಂದೇ ಎಂದು ತೋಚಿತು. ನಮ್ಮ ಬಡಾವಣೆಯ ವಾರಪತ್ರಿಕೆಯವರು ಜಾಗ ಕೊಡುತ್ತೇವೆ ಎಂದಿದ್ದಾರೆ.

ಮೂರು ವರ್ಷದ ಹಿಂದೆ ಜೆಲಿಂದಾಳ ಎದೆಯಲ್ಲಿ ಗಂಟು ಕಾಣಿಸಿತು, ಕೊಯ್ದು ತೆಗೆದರು. ಅವಳಿಗೆ ‘ಕೀವುಗಟ್ಟಿತ್ತು’ ಎಂದೆವು. ಕಳೆದ ಬೇಸಿಗೆಯಲ್ಲಿ ಅದು ಮೂಳೆಗೆ ಇಳಿದಿದೆ ಎಂದು ಗೊತ್ತಾಯಿತು. ಅವಳಿಗೆ ‘ಸಂಧಿವಾತ’ ಎಂದೆವು. ಹಾಗೆಂದವನು ನಾನು. ಹಾಗೆನ್ನುವಂತೆ ಮಾಡಿದವಳು ನನ್ನ ನಾದಿನಿ ಇಯೋಲೆ. ಆಸ್ಪತ್ರೆಯ ಪಡಸಾಲೆಯಲ್ಲಿ ನನ್ನ ಕೋಟಿನ ಕಾಲರು ಹಿಡಿದು ನಿಲ್ಲಿಸಿಕೊಂಡು ಅವಳು ಅಂದದ್ದು ಇನ್ನೂ ಕಿವಿಯಲ್ಲಿದೆ:

“ನೋಡು ಭಾವ, ನಿನ್ನ ಬಾಯಿಂದ ಆ ಹೆಸರು ಬಿತ್ತೋ, ಅಕ್ಕ ಅವತ್ತೇ ಹಾಸಿಗೆ ಹಿಡೀತಾಳೆ, ಮತ್ತೆ ಏಳಲ್ಲ. ನಮ್ಮಮ್ಮಂಗೆ ಹೇಳಿದ್ರಲ್ಲ, ಏನಾಯ್ತು? ಎಂಟು ದಿನ. ಎಂಟೇ ದಿನಕ್ಕೆ ಹೋದ್ಲು. ಅಕ್ಕನ್ನೂ ಹಂಗೇ ಕಳಿಸ್ತೀಯಾ?”

ನಾನು ಕಳಿಸಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡೆ. ನಮ್ಮ ಊರಿನಲ್ಲಿ ಯಾರು ತಾನೇ ಹೇಳುತ್ತಾರೆ, ಮಾನ್ಯರೇ? ‘ಆ ಕೆಟ್ಟ ಕಾಯಿಲೆ’ ಎಂದು ದನಿ ತಗ್ಗಿಸಿ ಅಂದರೆ ಎದುರಿನವರಿಗೆ ತಿಳಿಯುತ್ತದೆ, ಅಷ್ಟೇ. ಮನೆಯವರಿಗೆಲ್ಲ ಗೊತ್ತಿರುತ್ತದೆ, ಕೆಳಗಿನ ಬೇಕರಿಯವನಿಗೆ ಗೊತ್ತಿರುತ್ತದೆ, ರೋಗಿಗೆ ಗೊತ್ತಿರುವುದಿಲ್ಲ. ಔಷಧಿ ಅಂಗಡಿಯ ಯಜಮಾನರು ಶೀಶೆಯ ಮೇಲಿನ ಚೀಟಿಯನ್ನು ತಾವೇ ಉಗುರಿನಿಂದ ಕೆರೆದು ತೆಗೆದು ಕೊಡುತ್ತಾರೆ. ಪಾದ್ರಿಗಳು ‘ಈ ಕಡೆ ಬಂದಿದ್ದೆ’ ಎಂದು ಬಂದು ಒಂದು ಲೋಟ ಕಾಫಿ ಕುಡಿದು, ಹಣೆ ಮುಟ್ಟಿ ಹೋಗುತ್ತಾರೆ. ಇದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ನಿಮ್ಮ ತಾಯಿಗೆ ಬಂದಿದ್ದರೆ ನೀವೇನು ಮಾಡುತ್ತಿದ್ದಿರಿ? ಎದೆ ಮುಟ್ಟಿಕೊಂಡು ಹೇಳಿ. ನನಗೆ ಹೇಳಬೇಕಾಗಿಲ್ಲ, ನಿಮಗೆ ನೀವೇ ಹೇಳಿಕೊಳ್ಳಿ.

ನವೆಂಬರ್ ಹೊತ್ತಿಗೆ ನೋವು ಎಲ್ಲಿಗೆ ಮುಟ್ಟಿತೆಂದರೆ, ಅವಳು ಮಲಗುವುದನ್ನೇ ಬಿಟ್ಟಳು. ಅಡುಗೆಮನೆಯಲ್ಲಿ ಬೆನ್ನು ನೆಟ್ಟಗಿರುವ ಕುರ್ಚಿಯ ಮೇಲೆ ಕೂತು, ಬಾಯಲ್ಲಿ ಟವೆಲು ಕಚ್ಚಿಕೊಂಡು ಇರುತ್ತಿದ್ದಳು. ಮೈಮೇಲೆ ಹೊದಿಕೆ ತಾಗುವಂತಿಲ್ಲ. ಬೀದಿಯಲ್ಲಿ ಲಾರಿ ಹೋಗಿ ನೆಲ ಅದುರಿದರೆ ಚೀರುತ್ತಿದ್ದಳು. ಮಾರ್ಫಿನ್ ದಿನಕ್ಕೆ ಎರಡಾಯಿತು, ನಾಲ್ಕಾಯಿತು, ಕೊನೆಗೆ ನೀರು ಚುಚ್ಚಿದ ಹಾಗೆ ಆಯಿತು. “ಓರೆಸ್ತೆ, ಇಯೋಲೆಗೂ ಸಂಧಿವಾತ ಇದೆ, ಅವಳು ಮಾರ್ಕೆಟ್ಟಲ್ಲಿ ಜಗಳ ಆಡ್ಕೊಂಡು ಓಡಾಡ್ತಾಳೆ. ನಾನೊಬ್ಳೇ ಯಾಕೆ ಹಿಂಗೆ? ನಂಗೆ ಅಷ್ಟೂ ತಡಕೊಳ್ಳೋ ಶಕ್ತಿ ಇಲ್ವಾ?” ಎಂದು ಕೇಳುತ್ತಿದ್ದಳು. ತನ್ನನ್ನು ತಾನೇ ಹೇಡಿ ಎಂದುಕೊಂಡಿದ್ದಳು. ನಾನು ‘ಚಳಿ ಜಾಸ್ತಿ ಅಲ್ವಾ, ಅದಕ್ಕೇ’ ಎನ್ನುತ್ತಿದ್ದೆ. ಥೂ ನನ್ನ ಜನ್ಮಕ್ಕೆ.

ಆಗ ಯಾರೋ ಊರ ಹೊರಗಿನ ಆಸ್ಪತ್ರೆಯ ಸೂಜಿ ಡಾಕ್ಟರ ವಿಷಯ ಹೇಳಿದರು. ಅವರ ವಾರ್ಡಿನಲ್ಲಿ ಎಲ್ಲೆಲ್ಲಿಂದಲೋ ಬಂದವರಿದ್ದರು, ಎಲ್ಲರದೂ ಇದೇ ಗೋಳು. ಅವರು ನನ್ನನ್ನೊಬ್ಬನನ್ನೇ ಒಳಗೆ ಕರೆದು ಕೂರಿಸಿ ವಿವರಿಸಿದರು. ಮೂಗಿನ ಹೊಳ್ಳೆಯಿಂದ ಉದ್ದನೆಯ ಸೂಜಿ ತೂರಿಸಿ, ಎಕ್ಸ್‌ರೇ ಪರದೆಯಲ್ಲಿ ನೋಡಿಕೊಳ್ಳುತ್ತಾ, ಹಿಂದಿನ ತೆಳು ಮೂಳೆಯನ್ನು ದಾಟಿಸಿ, ಮಿದುಳಿನ ಅಡಿಯಲ್ಲಿ ಕಡಲೆಕಾಳಿನಷ್ಟು ದಪ್ಪಕ್ಕೆ ಕೂತಿರುವ ಪಿಟ್ಯುಟರಿ ಗ್ರಂಥಿಯೊಳಗೆ ಶುದ್ಧ ಆಲ್ಕೋಹಾಲನ್ನು ಹನಿಹನಿಯಾಗಿ ಬಿಡುತ್ತಾರೆ. ಒಬ್ಬರು ಹನಿ ಬಿಡುವಾಗ ಇನ್ನೊಬ್ಬರು ಟಾರ್ಚು ಹಿಡಿದು ಕಣ್ಣಿನ ಪಾಪೆ ನೋಡುತ್ತಿರುತ್ತಾರೆ. ದೃಷ್ಟಿಯ ನರ ಪಕ್ಕದಲ್ಲೇ ಇದೆಯಂತೆ, ಹನಿ ಆ ಕಡೆ ಹೋದರೆ ಕಣ್ಣು ಹೋಗಬಹುದಂತೆ.

“ನೋಡಿ ಯಜಮಾನ್ರೆ, ಸರಿಯಾಗಿ ಕೇಳಿಸ್ಕೊಳ್ಳಿ,” ಎಂದರು ಡಾಕ್ಟರು. “ರೋಗ ಎಲ್ಲಿದೆಯೋ ಅಲ್ಲೇ ಇರುತ್ತೆ. ಅದನ್ನ ನಾನು ವಾಸಿ ಮಾಡ್ತಿಲ್ಲ. ನೋವು ಹೋಗುತ್ತೆ. ಎಲ್ಲರಿಗೂ ಹೋಗಲ್ಲ, ತುಂಬಾ ಜನಕ್ಕೆ ಹೋಗುತ್ತೆ. ಯಾಕೆ ಹೋಗುತ್ತೆ ಅಂತ ಮಾತ್ರ ಕೇಳ್ಬೇಡಿ, ನನಗೂ ಪೂರ್ತಿ ಗೊತ್ತಿಲ್ಲ.”

“ಅವಳಿಗೆ ಎಷ್ಟು ದಿನ ಇದೆ ಡಾಕ್ಟ್ರೇ?”

“ಬೇಸಿಗೆ ನೋಡ್ಬಹುದು. ಶರತ್ಕಾಲ ನಾನು ಹೇಳಲ್ಲ.”

ಸಹಿ ಹಾಕಿದವನು ನಾನೇ. ಅವಳಿಗೆ ‘ಮೂಗಿನ ಹಿಂದೆ ಒಂದು ನರ ಊದಿಕೊಂಡಿದೆ, ಅದನ್ನ ಇಳಿಸಿದ್ರೆ ಸಂಧಿವಾತ ಇಳಿಯುತ್ತೆ’ ಎಂದೆ. ಜನವರಿ ಇಪ್ಪತ್ತೆಂಟು, ಬೆಳಿಗ್ಗೆ ಹನ್ನೊಂದಕ್ಕೆ ಒಳಗೆ ಕರೆದುಕೊಂಡು ಹೋದರು. ಸಂಜೆ ಐದರ ಸುಮಾರಿಗೆ, ಮೂಗಿನಲ್ಲಿ ಹತ್ತಿ ತುಂಬಿಕೊಂಡು ಮಲಗಿದ್ದವಳು ಕಣ್ಣುಬಿಟ್ಟಳು. ಬಲಗಾಲು ಸ್ವಲ್ಪ ಅಲ್ಲಾಡಿಸಿದಳು, ನಿಲ್ಲಿಸಿದಳು. ಮತ್ತೆ ಅಲ್ಲಾಡಿಸಿದಳು.

“ಓರೆಸ್ತೆ, ಎಲ್ಲಿ ಹೋಯ್ತು?”

“ಏನು ಎಲ್ಲಿ ಹೋಯ್ತು?”

“ಅದೇ ಕಣೋ, ನೋವು!” ಮಂಚದಡಿಗೆ ಜಾರಿದ ಚಪ್ಪಲಿ ಹುಡುಕುವ ಹಾಗೆ ಹೊದಿಕೆ ಎತ್ತಿ ನೋಡಿದಳು. ಅನಂತರ ಏಳು ತಿಂಗಳಲ್ಲಿ ಮೊದಲ ಸಲ ಅಂಗಾತ ಮಲಗಿ ನಿದ್ದೆ ಹೋದಳು. ನಾನು ಪಡಸಾಲೆಗೆ ಬಂದು ಗೋಡೆಗೆ ಮುಖ ಮಾಡಿಕೊಂಡು ಅತ್ತೆ. ಸಂತೋಷಕ್ಕೇ ಅತ್ತೆ, ಸಂಕೋಚವೇನಿಲ್ಲ.

ಆ ಸೂಜಿ ಪುಕ್ಕಟೆ ಏನನ್ನೂ ಕೊಡುವುದಿಲ್ಲ. ಆ ಗ್ರಂಥಿ ಕೆಟ್ಟ ಮೇಲೆ ದೇಹ ನೀರು ಹಿಡಿದಿಟ್ಟುಕೊಳ್ಳುವುದನ್ನೇ ಮರೆಯುತ್ತದೆ. ನಮ್ಮ ಬೀದಿಯಿಂದ ಮಾರ್ಕೆಟ್ಟಿನ ತನಕ ಇರುವ ನಲ್ಲಿಗಳಲ್ಲಿ ಒಂದನ್ನೂ ಬಿಡದೆ ಬಾಯಿ ಕೊಟ್ಟು ಕುಡಿಯುತ್ತಾಳೆ, ಹಾಗೆಯೇ ಕಕ್ಕಸು ಹುಡುಕುತ್ತಾಳೆ. ಅದಕ್ಕೆ ನಶ್ಯದಂಥ ಒಂದು ಪುಡಿ ಕೊಟ್ಟಿದ್ದಾರೆ, ಮೂಗಿಗೆ ಏರಿಸಬೇಕು. “ನೋಡು, ಮುದಿ ಪಾದ್ರಿ ಆಗ್ಬಿಟ್ಟೆ,” ಎಂದು ಏರಿಸಿ, ಸೀನಿ, ನಗುತ್ತಾಳೆ. ಇದರ ಜೊತೆಗೆ ದಿನಕ್ಕೆ ಎರಡು ಸಲ ಕಾರ್ಟಿಸೋನ್ ಮಾತ್ರೆ. ಅದನ್ನು ತಪ್ಪಿಸುವ ಹಾಗೇ ಇಲ್ಲ; ಎರಡು ದಿನ ತಪ್ಪಿದರೆ ಕುಸಿದು ಬೀಳುತ್ತಾಳೆ, ಮೂರನೆಯ ದಿನ ಏಳದೇ ಹೋಗಬಹುದು ಎಂದು ಡಾಕ್ಟರು ನನಗೆ ಬೆರಳು ತೋರಿಸಿ ಹೇಳಿದ್ದಾರೆ. ಅವಳಿಗೆ ನಾನು ಹೇಳಿರುವುದು: ಶಕ್ತಿಮಾತ್ರೆ.

ಮನೆಗೆ ಬಂದ ಮೇಲೆ ಜೆಲಿಂದಾ ಹೇಗಾದಳು ಎಂದು ನೀವು ನೋಡಬೇಕಿತ್ತು. ನಾಲ್ಕು ಮಹಡಿ ಇಳಿದು ಮಾರ್ಕೆಟ್ಟಿಗೆ ಹೋದಳು. ತರಕಾರಿಯವನಿಗೆ, ಬಿಗಿದ ಮೊಗ್ಗಿನಂಥ ತರಕಾರಿಯೊಂದನ್ನು ಎತ್ತಿ ಹಿಡಿದು, “ಇದೇನು ಪಲ್ಲೆಹೂವೋ, ನಿಮ್ಮತ್ತೆ ಮುಷ್ಟಿಯೋ?” ಎಂದು ಜೋರು ಮಾಡಿ ಬಂದಳು. ಕಿಟಕಿಗಳನ್ನೆಲ್ಲ ತೊಳೆದಳು. ನಾನು ಹಿಂದೆ ಹಿಂದೆ ಅಲೆಯುತ್ತಾ, ಅದು ಎತ್ತಬೇಡ, ಇದು ಮುಟ್ಟಬೇಡ ಎಂದು ಪ್ರಾಣ ತಿನ್ನುತ್ತಿದ್ದೆ. ಡಾಕ್ಟರು ಬೀಳ್ಕೊಡುವಾಗ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿ, “ಇಷ್ಟು ದಿನ ನೋವು ಅವರನ್ನ ಕಾಯ್ತಿತ್ತು, ಜೋರಾಗಿ ಹೆಜ್ಜೆ ಇಡೋಕೆ ಬಿಡ್ತಿರ್ಲಿಲ್ಲ. ಈಗ ಕಾಯೋರು ನೀವೊಬ್ರೇ,” ಎಂದಿದ್ದರು. ಕಾಯುವುದಕ್ಕೆ ನನ್ನಲ್ಲಿದ್ದ ಆಯುಧ ಬರೀ ಗೊಣಗಾಟ.

“ನಾನು ಕೆಲ್ಸಕ್ಕೆ ಹೋಗ್ತೀನಿ,” ಎಂದಳು ಫೆಬ್ರವರಿ ನಡುವಿನಲ್ಲಿ.

“ಈಸ್ಟರ್ ಕಳೀಲಿ ಕಣೇ.”

“ಈಸ್ಟರ್‌ವರೆಗೂ ನಿನ್ನ ಮುಖ ನೋಡ್ಕೊಂಡು ಕೂತಿರ್ಲಾ? ಏಳು ತಿಂಗಳು ನೋಡಿದ್ದೇ ಸಾಕಾಗಿದೆ ಮಾರಾಯ. ನಂಗೆ ವಾಸಿಯಾಗಿದೆ. ನಿಂಗ್ಯಾಕೆ ಖುಷಿ ಇಲ್ಲ?”

ಇದಕ್ಕೆ ಏನು ಉತ್ತರ ಕೊಡಲಿ? ನೀವಾದರೂ ಸೂಚಿಸಿ.

ಇಲ್ಲಿಗೆ ನಿಮ್ಮ ಪ್ರವೇಶವಾಗುತ್ತದೆ. ಫೆಬ್ರವರಿ ಇಪ್ಪತ್ತೇಳನೆಯ ತಾರೀಕು, ಬೆಳಿಗ್ಗೆ ಹತ್ತೂಕಾಲು. ನಿಮ್ಮ ಕೋಣೆಯಲ್ಲಿ ನಾವಿಬ್ಬರು, ನೀವು, ನಿಮ್ಮ ಗುಮಾಸ್ತೆ. ನನ್ನ ಕೋಟಿನ ಒಳಜೇಬಿನಲ್ಲಿ ಸೂಜಿ ಡಾಕ್ಟರು ಬರೆದುಕೊಟ್ಟ ಪತ್ರವಿತ್ತು: ಕಾಯಿಲೆಯ ಹೆಸರು, ಮೂಳೆಗಳ ಪಟ್ಟಿ, ‘ಯಾವುದೇ ದೈಹಿಕ ಶ್ರಮ ಕೂಡದು’ ಎಂಬ ಮಾತು. ನಿಮ್ಮ ಗುಮಾಸ್ತೆಯ ಕೈಗೆ ಮೆಲ್ಲನೆ ದಾಟಿಸೋಣ ಎಂದು ಬಾಗಿಲಲ್ಲೇ ಕೇಳಿದೆ. ಆಕೆ, “ಮನೆಯವರು ಯಾವ ಕಾಗದ ಕೊಟ್ರೂ ನೌಕರರ ಎದುರಿಗೆ ಗಟ್ಟಿಯಾಗಿ ಓದ್ಬೇಕು, ‘ಕೇಳಿದ್ದೇನೆ, ತಿಳಿದಿದ್ದೇನೆ’ ಅಂತ ಅವರ ಸಹಿ ತಗೋಬೇಕು. ಹೊಸ ನಿಯಮ ಸ್ವಾಮೀ. ಕೊಡ್ತೀರೋ?” ಎಂದರು. ನಿಯಮ ಒಳ್ಳೆಯದೇ. ಕಾರ್ಮಿಕರ ಬೆನ್ನ ಹಿಂದೆ ಅವರ ಹಣೆಬರಹ ಬರೆಯಬಾರದು ಎಂದು ಕಾನೂನು ಬಂದಾಗ ಬೀದಿಗಿಳಿದು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಅದೇ ನಿಯಮ ನನ್ನ ಕೊರಳಿಗೆ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನೀವು ನಮೂನೆ ತೆಗೆದಿರಿ. ಮೊದಲ ಪ್ರಶ್ನೆ: “ನೋವಿದೆಯಾ ಅಮ್ಮ?”

“ಒಂಚೂರೂ ಇಲ್ಲ ಡಾಕ್ಟ್ರೇ, ಮಾತೆ ಮರಿಯಾ ಆಣೆ!”

“ಬಗ್ಗಿ ನೋಡೋಣ.” ಬಗ್ಗಿದಳು, ಕಾಲ್ಬೆರಳು ಮುಟ್ಟಿದಳು. ಮೂಲೆಯಲ್ಲಿದ್ದ ಹತ್ತು ಕಿಲೋ ಕಬ್ಬಿಣದ ಗುಂಡನ್ನು ಎತ್ತಿ ಎಂದಿರಿ. ಎತ್ತಿದಳು. ಎಲ್ಲಿ ಲಟಕ್ ಎನ್ನುತ್ತದೋ ಎಂದು ಅವಳ ಸೊಂಟದ ಕಡೆಗೇ ಕಿವಿಗೊಟ್ಟು ನಿಂತಿದ್ದೆ. ಏನೂ ಆಗಲಿಲ್ಲ, ಮರಿಯಾ ಕಾಪಾಡಿದಳು. “ಡಾಕ್ಟ್ರೇ, ಈ ನನ್ನ ಗಂಡನ್ನ ಒಂದ್ಸಲ ನೋಡಿ, ಇವನೇ ರೋಗಿ ಇದ್ದಂಗಿದಾನೆ,” ಎಂದಳು. ನೀವು ನಕ್ಕಿರಿ. ನನ್ನ ಕೈ ಒಳಜೇಬಿಗೆ ಹೋಯಿತು, ಪತ್ರವನ್ನು ಮುಟ್ಟಿತು. ಹೊರಗೆ ತೆಗೆದದ್ದು ಕರವಸ್ತ್ರ. ಹಣೆ ಒರೆಸಿಕೊಂಡೆ. ನೀವು ಮೊಹರು ಒತ್ತಿದಿರಿ. “ಕಬ್ಬಿಣದ ಹೆಂಗಸು ಕಣಮ್ಮ ನೀವು,” ಎಂದು ಎದ್ದು ನಿಂತು ಕೈ ಕುಲುಕಿದಿರಿ. ನಿಮ್ಮ ಸೌಜನ್ಯದ ಬಗ್ಗೆ ನನ್ನ ದೂರೇನೂ ಇಲ್ಲ.

ದೂರು ಇರುವುದು ನಿಮ್ಮ ನಮೂನೆಯ ಬಗ್ಗೆ. ಅದರಲ್ಲಿ ‘ನೋವು: ಇದೆ / ಇಲ್ಲ’ ಎಂದಿದೆ. ‘ಇದೆ’ ಎಂದರೆ ಮುಂದಿನ ಪುಟಕ್ಕೆ ಹೋಗಬೇಕು, ಮುಂದಿನ ಪುಟದಲ್ಲಿ ಎಕ್ಸ್‌ರೇ ಇದೆ, ರಕ್ತ ಪರೀಕ್ಷೆ ಇದೆ, ತಜ್ಞರ ಅಭಿಪ್ರಾಯ ಇದೆ. ‘ಇಲ್ಲ’ ಎಂದರೆ ಪುಟ ಮಗುಚುವ ಶ್ರಮವೂ ಇಲ್ಲ, ಸೀದಾ ಮೊಹರು. ನೋವು ಮತ್ತು ರೋಗ ಒಂದೇ ಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದ ಕಾಲದಲ್ಲಿ ಅಚ್ಚಾದ ನಮೂನೆ ಅದು. ಆಗ ಒಂದನ್ನು ಕೇಳಿದರೆ ಇನ್ನೊಂದು ತಾನಾಗಿ ತಿಳಿಯುತ್ತಿತ್ತು. ಈಗ ಈ ಊರಿನಲ್ಲೇ, ನಿಮ್ಮ ಕಚೇರಿಯಿಂದ ಒಂದು ಬಸ್ಸಿನ ದೂರದಲ್ಲಿ, ಆಲ್ಕೋಹಾಲಿನ ನಾಲ್ಕು ಹನಿಯಲ್ಲಿ ಅವೆರಡನ್ನೂ ಬೇರೆ ಮಾಡುವವರಿದ್ದಾರೆ. ನೋವು ಹೋಗಿದೆ, ರೋಗ ಇದೆ. ಇದಕ್ಕೆ ನಿಮ್ಮ ನಮೂನೆಯಲ್ಲಿ ಜಾಗ ಎಲ್ಲಿ? ನೋವಿಲ್ಲದವನೆಲ್ಲ ಆರೋಗ್ಯವಂತನಾದರೆ, ಮಾನ್ಯರೇ, ಈ ಊರಿನ ಅತ್ಯಂತ ಆರೋಗ್ಯವಂತರು ಸ್ಮಶಾನದಲ್ಲಿದ್ದಾರೆ. ಅವರಿಗೂ ಒಂದೊಂದು ಅರ್ಹತಾ ಪತ್ರ ಕಳಿಸಿ, ಡಿಪೋದಲ್ಲಿ ಆಳು ಸಾಲದಂತೆ.

ಈಗ ನೀವು ಕೊಟ್ಟ ಅರ್ಹತಾ ಪತ್ರ ಮನೆಯಲ್ಲಿ ಏನು ಮಾಡುತ್ತಿದೆ ಎಂದು ಕೇಳಿ. ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಕೊಂಡಿದ್ದಾಳೆ. ಕಳೆದ ಮಂಗಳವಾರ ಬೆಳಿಗ್ಗೆ ಮಾತ್ರೆ ಕೊಟ್ಟರೆ ತಳ್ಳಿಬಿಟ್ಟಳು.

“ಸರ್ಕಾರಿ ಡಾಕ್ಟ್ರೇ ಅರ್ಹಳು ಅಂತ ಬರೆದುಕೊಟ್ಟಿದಾರೆ, ಇನ್ನು ಶಕ್ತಿಮಾತ್ರೆ ಯಾಕೆ? ಮುಖ ಊದ್ಕೊಳ್ತಿದೆ ಅದ್ರಿಂದ. ನೀನೇ ತಗೋ, ನಿಂಗೇ ಬೇಕು ಶಕ್ತಿ.”

ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ ಗಂಡನ ಮಾತಿಗಿಂತ ನಿಮ್ಮ ಮೊಹರಿಗೆ ಬೆಲೆ ಹೆಚ್ಚು! ಅಂದಿನಿಂದ ನಾನು ಮಾತ್ರೆಯನ್ನು ಚಮಚದ ಬೆನ್ನಿನಿಂದ ಅರೆದು ಅವಳ ಕಾಫಿಯಲ್ಲಿ ಕದಡುತ್ತಿದ್ದೇನೆ, ಕಹಿ ಗೊತ್ತಾಗದಿರಲೆಂದು ಸಕ್ಕರೆ ಸುರಿಯುತ್ತಿದ್ದೇನೆ. ಒಳ್ಳೆಯ ಕಾಫಿ ಮಾಡುವುದನ್ನೂ ಮರೆತೆ ಎಂದು ಬೈಯುತ್ತಾಳೆ. ಶನಿವಾರದಿಂದ ಅವಳು ಬೆಳಗಿನ ಕಾಫಿಯನ್ನು ಡಿಪೋದ ಗೆಳತಿಯರ ಜೊತೆ ಕುಡಿಯುತ್ತಾಳೆ. ಆಗ ಅರೆದು ಹಾಕುವವರು ಯಾರು? ನೀವು ಬರುತ್ತೀರಾ? ಡಿಪೋದ ಮೇಸ್ತ್ರಿಯ ಹತ್ತಿರ ಹೋಗಿ ಹಗುರದ ಕೆಲಸ ಕೊಡಿ ಎಂದು ಅಂಗಲಾಚಿದೆ. “ಅರ್ಹಳು ಅಂತ ಪತ್ರ ಬಂದಮೇಲೆ ಬಕೆಟ್ ಕೊಡ್ಬೇಕು ಓರೆಸ್ತೆ. ಹಗುರದ ಕೆಲ್ಸ ಅನರ್ಹರಿಗೆ,” ಎಂದ.

ಪರೀಕ್ಷೆಯ ಮಾರನೆಯ ದಿನ ನಾನೊಬ್ಬನೇ ಬಂದು ನಿಮ್ಮನ್ನು ಮೆಟ್ಟಿಲ ಮೇಲೆ ಹಿಡಿದೆ, ನೆನಪಿದೆಯೇ? ಎಲ್ಲವನ್ನೂ ಹೇಳಿದೆ, ಸೂಜಿ ಡಾಕ್ಟರ ಪತ್ರ ತೋರಿಸಿದೆ. ನೀವು ಕನ್ನಡಕ ತೆಗೆದು ಓದಿದಿರಿ. ನಿಮ್ಮ ಮುಖ ಬಾಡಿದ್ದನ್ನು ನಾನು ನೋಡಿದೆ, ನೀವು ಕಲ್ಲಲ್ಲ. ಆಮೇಲೆ ಅಂದಿರಿ:

“ಅವರೇ ಬಂದು ಹೇಳ್ಲಿ, ಈ ಗಳಿಗೇಲೇ ರದ್ದು ಮಾಡ್ತೀನಿ. ಅವರಿಗೆ ಗೊತ್ತಿಲ್ಲದ ಹಾಗೆ ನಾನು ಹೇಗೆ ಮಾಡ್ಲಿ? ರದ್ದು ಮಾಡಿದ್ರೆ ಕಾರಣ ಬರೆದು ಅವರ ಕೈಗೇ ಕೊಡ್ಬೇಕು. ನಿಮ್ಮ ಹೆಂಡ್ತಿಗೆ ನೀವು ಮೂರು ವರ್ಷ ಸುಳ್ಳು ಹೇಳಿದೀರಿ. ಈಗ ಕಚೇರಿಯೂ ಸೇರ್ಕೊಂಡು ಹೇಳ್ಬೇಕಾ?”

ಆ ಮಾತು ಇವತ್ತಿಗೂ ಚುಚ್ಚುತ್ತಿದೆ, ಯಾಕೆಂದರೆ ಅದು ನಿಜ. ಸುಳ್ಳು ನನ್ನದು. ಒಂದು ಸುಳ್ಳಿಗೆ ಇನ್ನೊಂದು ಸೇರಿಸಿ, ಅದಕ್ಕೆ ಮತ್ತೊಂದು ಹೊಲಿದು, ನಾನು ಕಟ್ಟಿದ ಕೋಣೆಗೆ ಬಾಗಿಲೇ ಇಲ್ಲ. ಒಳಗೆ ನಾನೂ ಇದ್ದೇನೆ, ಅವಳೂ ಇದ್ದಾಳೆ. ಹೇಳಿದರೆ ಸೂಜಿ ಕೊಟ್ಟದ್ದನ್ನು ನಾನೇ ಬಾಯಾರೆ ಕಿತ್ತುಕೊಂಡ ಹಾಗೆ. ಅವಳ ಪಾಲಿಗೆ ಇರುವುದೇ ಒಂದು ಬೇಸಿಗೆ, ಅದನ್ನು ಗೋಡೆ ನೋಡುತ್ತಾ ಕಳೆಯಬೇಕೆ? ಹೇಳದಿದ್ದರೆ ಶನಿವಾರ ಬಕೆಟ್ಟು, ಮೆಟ್ಟಿಲು. ಸೊಂಟ ಮುರಿದು ಮಲಗಿದ ಮೇಲೆ ಆ ನೋವನ್ನು ಯಾವ ಸೂಜಿಯೂ ತೆಗೆಯಲಾರದು ಎಂದು ಡಾಕ್ಟರು ಹೇಳಿದ್ದಾರೆ, ಆ ಸೂಜಿಯನ್ನು ಅವಳು ಆಗಲೇ ಚುಚ್ಚಿಸಿಕೊಂಡಾಗಿದೆ.

ಆದ್ದರಿಂದ ನನ್ನ ಬೇಡಿಕೆ ಕಾನೂನಿನದಲ್ಲ, ರೂಢಿಯದು. ನನ್ನ ಹೆಂಡತಿಯ ಕಡತವನ್ನು ಕಳೆದುಹಾಕಿ. ನೀವು ಸುಳ್ಳು ಹೇಳಬೇಕಾಗಿಲ್ಲ, ಕಾರಣ ಬರೆಯಬೇಕಾಗಿಲ್ಲ. ‘ಕಡತ ಸಿಗುತ್ತಿಲ್ಲ, ಸಿಗುವವರೆಗೆ ಹಾಜರಾಗಬೇಡಿ’ ಎಂದು ಡಿಪೋಗೆ ಒಂದು ಸಾಲು ಸಾಕು. ಇದು ನಿಮ್ಮ ಕಚೇರಿಗೆ ಹೊಸ ವಿದ್ಯೆಯೇನಲ್ಲ. ಈ ಮೂವತ್ತೊಂದು ವರ್ಷದಲ್ಲಿ ನನ್ನ ಗಿರಾಕಿಗಳ ಹನ್ನೊಂದು ಕಡತಗಳನ್ನು ಕಳೆದಿದ್ದೀರಿ. ಕಂಡಕ್ಟರ್ ಅಮೇದೆಯೋನ ಅಂಗವಿಕಲ ಪಿಂಚಣಿಯ ಕಡತ ಒಂಬತ್ತು ವರ್ಷ ಕಾಣೆಯಾಗಿತ್ತು. ಸಿಕ್ಕಾಗ ಅದರ ಮೇಲೆ ಬೆಕ್ಕು ಮರಿ ಹಾಕಿತ್ತು. ಅವರೆಲ್ಲ ಬೇಡ ಬೇಡ ಎಂದು ಕೈಮುಗಿದರೂ ಕಳೆದವರು, ಒಬ್ಬ ದಯವಿಟ್ಟು ಕಳೆಯಿರಿ ಎಂದು ಬೇಡುವಾಗ ಇಷ್ಟು ಜೋಪಾನವೇಕೆ? ಜೆಲಿಂದಾ ನಿಮ್ಮನ್ನು ಬೈಯುತ್ತಾಳೆ, ಬೈಯಲಿ. ಮೂರನೆಯ ಮಹಡಿಯ ಕತ್ತೆಗಳು ಎಂದು ದಿನಾ ಶಾಪ ಹಾಕುತ್ತಾ, ನಾಳೆ ಸಿಗುತ್ತದೆ ನಾಡಿದ್ದು ಸಿಗುತ್ತದೆ ಎಂದುಕೊಂಡು, ಕಿಟಕಿ ತೆರೆದು, ಜಗಳ ಮಾಡಿಕೊಂಡು ಈ ಬೇಸಿಗೆ ಕಳೆಯುತ್ತಾಳೆ. ನನಗೆ ಅಷ್ಟು ಸಾಕು. ಆಮೇಲೆ ಕಡತ ಸಿಕ್ಕರೂ ಅದನ್ನು ಕೇಳುವವರಿರುವುದಿಲ್ಲ.

ನಿನ್ನೆ ಭಾನುವಾರ ಹೇಳಿಯೇಬಿಡೋಣ ಎಂದು ಕೂತಿದ್ದೆ. ಊಟವಾಗಿತ್ತು. ಅವಳು ಡಿಪೋದ ನೀಲಿ ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದಳು, ಸೊಂಟದ ಹತ್ತಿರ ದೊಗಲೆಯಾಗ್ತಿದೆ ಎಂದು ಗುಂಡುಪಿನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. “ಜೆಲಿಂದಾ,” ಎಂದೆ. ಪಿನ್ನು ಕಚ್ಚಿಕೊಂಡೇ “ಹೂಂ?” ಎಂದಳು. “ನೀರು ಕುಡಿದ್ಯಾ?” ಎಂದೆ. ಅವಳು ಪಿನ್ನು ತೆಗೆದು ನನ್ನನ್ನೇ ನೋಡಿ, “ದಿನಕ್ಕೆ ಬಾವಿ ನೀರು ಕುಡಿಯೋಳನ್ನ ನೀರು ಕುಡಿದ್ಯಾ ಅಂತ ಕೇಳ್ತಾನೆ, ದಡ್ಡ,” ಎಂದು ನನ್ನ ತಲೆ ಸವರಿ ಮತ್ತೆ ಇಸ್ತ್ರಿಗೆ ಬಾಗಿದಳು.

ಈಗ ಏರ್ಪಾಟು ಹೀಗಿದೆ. ಈ ಪತ್ರದ ಒಂದು ಪ್ರತಿಯನ್ನು ನಾಳೆ ಮಂಗಳವಾರ ನಿಮ್ಮ ಕೈಗೇ ಕೊಡುತ್ತೇನೆ. ಇನ್ನೊಂದು ಪ್ರತಿ ವಾರಪತ್ರಿಕೆಯ ಸಂಪಾದಕರ ಮೇಜಿನ ಮೇಲಿದೆ. ಅವರ ಅಚ್ಚಿನ ಯಂತ್ರ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗುತ್ತದೆ. ಅಷ್ಟರೊಳಗೆ ಕಡತ ಕಳೆಯಿತು ಎಂದು ನಿಮ್ಮಿಂದ ಒಂದು ಮಾತು ಬಂದರೆ ಪತ್ರವನ್ನು ಹಿಂದಕ್ಕೆ ಪಡೆದು ಒಲೆಗೆ ಹಾಕುತ್ತೇನೆ. ನಿಮ್ಮ ಹೆಸರು ನಾನು ಎಲ್ಲೂ ಎತ್ತುವುದಿಲ್ಲ, ನೀವು ಮಾಡಿದ ಉಪಕಾರ ನನ್ನ ಜೊತೆಗೇ ಮಣ್ಣಾಗುತ್ತದೆ. ಬಾರದಿದ್ದರೆ ಅಚ್ಚಾಗುತ್ತದೆ. ಜೆಲಿಂದಾ ಶುಕ್ರವಾರ ಬೆಳಿಗ್ಗೆ ಆ ಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಓದುತ್ತಾಳೆ. ಇಂಥದ್ದನ್ನು ಅವಳು ಪತ್ರಿಕೆಯಲ್ಲಿ ಓದಿ ತಿಳಿಯುವುದಕ್ಕೆ ನಾನು ಬಿಡುವುದಿಲ್ಲ. ನನ್ನ ಕೈ ಕಟ್ಟಿಹಾಕಿಕೊಳ್ಳಲು ನನಗೆ ಬೇರೆ ಹಗ್ಗ ಸಿಗಲಿಲ್ಲ.

ಆದ್ದರಿಂದ ಓದುಗ ಮಹಾಶಯರೇ, ಈ ಸಾಲು ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಎರಡು ಸಂಗತಿ ನಡೆದುಹೋಗಿವೆ ಎಂದು ತಿಳಿಯಿರಿ. ಮೊದಲನೆಯದು, ಮೂರನೆಯ ಮಹಡಿಯಲ್ಲಿ ಒಂದು ಕಡತ ಕಳೆಯಲಿಲ್ಲ. ಎರಡನೆಯದು, ಗುರುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ನನ್ನ ಹೆಂಡತಿಯ ಕೈ ಹಿಡಿದು ಕೂರಿಸಿಕೊಂಡು ಹೇಳಿದ್ದೇನೆ. ಇವತ್ತು ಅವಳು ಮಾರ್ಕೆಟ್ಟಿಗೆ ಬಂದರೆ ಅಯ್ಯೋ ಪಾಪ ಎನ್ನಬೇಡಿ, ದನಿ ತಗ್ಗಿಸಬೇಡಿ, ಪಲ್ಲೆಹೂವಿನ ಬೆಲೆಗೆ ಜಗಳ ಆಡಿ. ಬಾರದಿದ್ದರೆ ನಮ್ಮ ಮನೆಯ ಬಾಗಿಲು ತಟ್ಟಬೇಡಿ.

ಇಂತಿ,
ಊರವರ ಅರ್ಜಿಗಳನ್ನೆಲ್ಲ ಬರೆದು, ತನ್ನ ಮನೆಯಲ್ಲಿ ಒಂದು ಮಾತು ಆಡಲಾರದವನು,
ಓರೆಸ್ತೆ ಕಾರ್ಲೆತ್ತಿ,
ಜೆಲಿಂದಾಳ ಗಂಡ